ತಾಯಿಯ ಹೆಸರು ಬರೆಯುವ ಜಾಗ

ಜರ್ಮನಿ
೧೨ ನವೆಂಬರ್ ೨೦೨೩

ಆಪಾ, ಸಲಾಂ.

ಮುರಿಗೆವ್ವನ ಬಳೆ ಅಂಗಡಿಗೆ ನನ್ನ ಪತ್ರ ಬಂದದ್ದು ನೋಡಿ ಗಾಬರಿಯಾಗಬೇಡ. ದಿನಾ ಸಂಜೆ ಫೋನಿನಲ್ಲಿ ಮುಖ ತೋರಿಸುವ ತಂಗಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದೂ ಕೇಳಬೇಡ. ನಿನ್ನ ಮನೆಯ ಫೋನು ಸದಾ ಇರುವುದು ಕೈನಾತಳ ಕೈಯಲ್ಲಿ. ನಾನು ನಿನಗೆ ಏನೇ ಹೇಳಿದರೂ ಮೊದಲು ಅವಳ ಕಿವಿಗೆ ಬೀಳುತ್ತದೆ. ಮುರಿಗೆವ್ವನಿಗೆ ಅಕ್ಷರ ಬರುವುದಿಲ್ಲ, ಬಂದಿದ್ದರೂ ಬಾಯಿ ಬಿಡುವ ಹೆಂಗಸಲ್ಲ. ಹಾಗಾಗಿ ಆ ವಿಳಾಸ.

ವೀಸಾ ಕಚೇರಿಯಿಂದ ಕೊನೆಗೂ ಉತ್ತರ ಬಂತು. ಮಗಳು ಕೈನಾತಳನ್ನು ಇಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿ ಇಪ್ಪತ್ತು ತಿಂಗಳಾಗಿತ್ತು. ಅನುಮತಿಯೇ ಬಂತು ಅಂದುಕೊಂಡು ವಾರ್ಡಿನ ನಡುವೆ ನಿಂತೇ ತೆರೆದೆ. ಅನುಮತಿಯಲ್ಲ. ಕೈನಾತ ಹುಟ್ಟಿದ ನರ್ಸಿಂಗ್ ಹೋಮ್ ಮುಚ್ಚಿಹೋಗಿದೆ, ಅದರ ದಾಖಲೆ ಸಿಗುತ್ತಿಲ್ಲ, ಆದ್ದರಿಂದ ತಾಯಿ ಮಗಳ ಡಿಎನ್‌ಎ ಪರೀಕ್ಷೆ ಮಾಡಿಸಿರಿ ಎಂದು ಬರೆದಿದ್ದಾರೆ.

ಆ ದಾಖಲೆ ಬರೆದವಳು ನಾನೇ. ಹದಿನಾರು ವರ್ಷದಲ್ಲಿ ನಾವಿಬ್ಬರೂ ಇದನ್ನು ಒಂದು ಸಲವೂ ಬಾಯಿಬಿಟ್ಟು ಆಡಿಲ್ಲ. ಇವತ್ತು ಬರೆದುಬಿಡುತ್ತೇನೆ. ನಿನಗೆ ಮೂವರು ಗಂಡುಮಕ್ಕಳಿದ್ದರು, ನಾಲ್ಕನೆಯದು ಹೊಟ್ಟೆಯಲ್ಲಿತ್ತು. ನನಗೆ ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ, ಆಗುವುದೂ ಇಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ನಮ್ಮಿಬ್ಬರ ತಂದೆಯಾಗಿ ಅಬ್ಬಾ ಒಂದು ಮಾತು ಆಡಿದರು, ಹುಟ್ಟುವ ಕೂಸು ಸುರೈಯಾಳಿಗಿರಲಿ ಎಂದು. ನೀನು ಹೂಂ ಅಂದೆ. "ಕೋರ್ಟ್ ಕಚೇರಿ ಯಾತಕ್ಕ? ಮನಿ ಕೂಸು ಮನ್ಯಾಗ ಇರತೈತಿ" ಎಂದು ಅಬ್ಬಾನೇ ಹೇಳಿದರು. ಆ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸ್. ನಿನ್ನನ್ನು ದಾಖಲು ಮಾಡುವಾಗ ನಿನ್ನ ಹೆಸರು ಬರೆಯುವ ಜಾಗದಲ್ಲಿ ನನ್ನ ಹೆಸರು ಬರೆದೆ. ಮಶಾಕಸಾಬ ಭಾವನ ಹೆಸರಿನ ಜಾಗದಲ್ಲಿ ನನ್ನ ಗಂಡ ಫಯಾಜನ ಹೆಸರು. ಜನನ ಪತ್ರ ಹಾಗೆಯೇ ಬಂತು. ಬಹಳ ಶಾಣ್ಯಾತನ ಮಾಡಿದೆ ಅಂದುಕೊಂಡಿದ್ದೆ.

ಫಯಾಜ ಕೊರೊನಾದಲ್ಲಿ ಹೋದಮೇಲೆ ಇಲ್ಲಿಯ ಆಸ್ಪತ್ರೆಯಲ್ಲಿ ಈ ಕೆಲಸ ಸಿಕ್ಕಿತು. ಆರು ತಿಂಗಳ ಮಾತು ಎಂದು ಹೇಳಿ ಹದಿನಾಲ್ಕು ವರ್ಷದ ಹುಡುಗಿಯನ್ನು ನಿನ್ನ ಹತ್ತಿರ ಬಿಟ್ಟು ಬಂದೆ. ಎರಡು ವರ್ಷವಾಯಿತು. ಹದಿನೆಂಟು ತುಂಬಿದರೆ ಅವಳನ್ನು ಮಗಳೆಂದು ಕರೆಸಿಕೊಳ್ಳಲು ಬರುವುದಿಲ್ಲ. ಅಂದರೆ ೨೦೨೫ರ ಜುಲೈ ಎರಡಕ್ಕೆ ಎಲ್ಲ ಮುಗಿಯುತ್ತದೆ.

ಏನು ಮಾಡಲಿ ಹೇಳು. ನನಗೆ ಕೈಕಾಲೇ ಆಡುತ್ತಿಲ್ಲ.

ನಿನ್ನ ತಂಗಿ
ಸುರೈಯಾ


ತಿಕೋಟಾ
೧೦ ಡಿಸೆಂಬರ್ ೨೦೨೩

ಸುರೈಯಾ, ನೀನು ಚೆನ್ನಾಗಿರು.

ನಿನ್ನ ಪತ್ರ ಇಪ್ಪತ್ತೆರಡು ದಿನಕ್ಕೆ ಮುಟ್ಟಿತು. ಮುರಿಗೆವ್ವ ಅದನ್ನು ಬಳೆಯ ಡಬ್ಬಿಯ ಕೆಳಗೆ ಬಚ್ಚಿಟ್ಟು ನನ್ನನ್ನು ಕರೆಸಿದಳು. "ಫೋನ್ ಇದ್ದೂ ಪತ್ರ ಬರಕೋತ ಕುಂತೀರಿ, ಅಕ್ಕತಂಗ್ಯಾರಿಗೆ ಹುಚ್ಚ ಹಿಡದೈತೇನ ಬೇ?" ಅಂದಳು. ಹಿಡಿದಿದೆ ಎಂದೆ.

ನಮಗಿಬ್ಬರಿಗೂ ಬರೆಯಲು ಬರುವುದು ಕನ್ನಡ ಸಾಲಿಯ ಕನ್ನಡ ಒಂದೇ. ಅದರಲ್ಲೂ ನನ್ನದು ಏಳನೇ ಇಯತ್ತೆಗೆ ನಿಂತದ್ದು. ತಪ್ಪಿದ್ದರೆ ನಗಬೇಡ.

ಆ ಮೂರು ದಿನ ನನಗೆ ಚೆನ್ನಾಗಿ ನೆನಪಿದೆ. ಮಂಚದ ಮೇಲೆ ನಾನು ನೀನಾಗಿ ಮಲಗಿದ್ದೆ. ಡಾಕ್ಟರಮ್ಮ ಬಂದು "ಸುರೈಯಾ, ಹೆಂಗದೀರಿ?" ಎಂದರೆ ನನಗೆ ಉತ್ತರ ಕೊಡುವುದು ತಡವಾಗುತ್ತಿತ್ತು. ಆಕೆ ನನಗೆ ಕಿವಿ ಮಂದ ಅಂದುಕೊಂಡಳು. ಜೋರಾಗಿ ಕೂಗಿ ಕೂಗಿ ಕೇಳುತ್ತಿದ್ದಳು. ನೀನು ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದೆ. ನಾನೂ ನಕ್ಕೆ. ಕೂಸು ಕೊಟ್ಟ ಮೇಲೆ ಮನೆಗೆ ಬಂದು ಎಷ್ಟು ಅತ್ತೆ ಎಂಬುದು ನಿಮ್ಮ ಭಾವನಿಗೆ ಮಾತ್ರ ಗೊತ್ತು.

ಒಂದು ಮಾತು ಕೇಳುತ್ತೇನೆ, ದಡ್ಡಿ ಎನ್ನಬೇಡ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು. ಆ ಪರೀಕ್ಷೆಯಲ್ಲಿ ಅರ್ಧವಾದರೂ ಹೊಂದುವುದಿಲ್ಲವೇ? ಅರ್ಧಕ್ಕೆ ಅವರು ಒಪ್ಪುವುದಿಲ್ಲವೇ?

ಕೈನಾತ ಆರಾಮ ಇದ್ದಾಳೆ. ದಿನಾ ಬಸ್ಸಿಗೆ ವಿಜಯಪುರದ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಂದು ನನ್ನ ಹೊಲಿಗೆ ಮಶೀನಿನ ಪಕ್ಕದಲ್ಲೇ ಕೂತು ಓದುತ್ತಾಳೆ. ಅಡುಗೆಮನೆಯ ಗೋಡೆಯ ಮೇಲೆ ಜರ್ಮನ್ ಮಾತುಗಳನ್ನು ಬರೆದು ಅಂಟಿಸಿದ್ದಾಳೆ. ಉಪ್ಪಿನ ಡಬ್ಬಿಗೂ ಒಂದು ಚೀಟಿ. ನನ್ನನ್ನು ಖಾಲಾ ಎಂದೇ ಕರೆಯುತ್ತಾಳೆ. ತಾಯಿಯ ಅಕ್ಕತಂಗಿಯರನ್ನು ಇನ್ನೇನು ಕರೆಯಬೇಕು. ಆ ಮಾತಿಗೆ ನಾನು ಒಗ್ಗಿಹೋಗಿದ್ದೇನೆ. ಅದನ್ನು ಈಗ ಕೆದಕುವುದು ಬೇಡವಿತ್ತು.

ಹುಷಾರಾಗಿರು. ಚಳಿ ಜಾಸ್ತಿಯಂತೆ, ಕಿವಿ ಮುಚ್ಚಿಕೊ.

ಆಪಾ


ಜರ್ಮನಿ
೨೧ ಜನವರಿ ೨೦೨೪

ಆಪಾ,

ನೀನು ದಡ್ಡಿಯಲ್ಲ. ಅರ್ಧಕ್ಕೆ ಒಪ್ಪುತ್ತಾರೇನು ಎಂದು ಇಲ್ಲಿಯ ಸಲಹೆಗಾರ್ತಿಯನ್ನು ನಾನೂ ಕೇಳಿದೆ. ಒಪ್ಪುವುದಿಲ್ಲ. ಈಕೆ ತಾಯಿಯಲ್ಲ, ತಾಯಿಯ ತಂಗಿ ಎಂದು ಆ ಪರೀಕ್ಷೆ ಹೇಳಿಬಿಡುತ್ತದಂತೆ. ಆಮೇಲೆ ಸುಳ್ಳು ದಾಖಲೆ ಕೊಟ್ಟವಳೆಂದು ನನ್ನ ಕೆಲಸಕ್ಕೂ ಕುತ್ತು ಬರಬಹುದು. ಪರೀಕ್ಷೆಗೆ ಮೊದಲು ನಾವೇ ನಿಜ ಹೇಳಿಬಿಡಬೇಕು, ಅದೊಂದೇ ದಾರಿ ಎಂದಳು.

ನಾನು ಎಲ್ಲ ಬರೆದು ಕಳಿಸಿದೆ. ಆ ಹಾಳೆಗೆ ಸಹಿ ಹಾಕುವಾಗ ನನ್ನ ಮಗಳನ್ನು ನಾನೇ ಬೇರೆಯವರ ಮಗಳು ಎಂದ ಹಾಗಾಯಿತು.

ಇನ್ನು ಮುಂದಿನ ಕೆಲಸ ನಿನ್ನದು. ಮೊದಲು ಕೋರ್ಟಿನಲ್ಲಿ ಜನನ ಪತ್ರ ತಿದ್ದಿಸಬೇಕು. ತಾಯಿಯ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಬರಬೇಕು. ಆಮೇಲೆ ದತ್ತಕದ ಕಚೇರಿಯಲ್ಲಿ ನೀನೂ ಭಾವನೂ ಹಾಜರಾಗಿ, ಕಾನೂನಿನ ಪ್ರಕಾರ ಅವಳನ್ನು ನನಗೆ ಕೊಟ್ಟೆವು ಎಂದು ಹೇಳಬೇಕು. ಅವಳೂ ಸಾಹೇಬರ ಎದುರು ಒಪ್ಪಿಗೆ ಹೇಳಬೇಕು. ಆ ಆದೇಶ ಅವಳಿಗೆ ಹದಿನೆಂಟು ತುಂಬುವ ಮುಂಚೆ ಕೈಗೆ ಸಿಗಬೇಕು. ಹದಿನೇಳು ತಿಂಗಳಿದೆ. ವಕೀಲ ಹಣಮಂತರಾಯರಿಗೆ ಫೋನ್ ಮಾಡಿದ್ದೇನೆ. ಸಾಕಾಗುತ್ತದೆ ಎಂದರು.

ಅಂದರೆ ಕೈನಾತಳಿಗೆ ನಿಜ ಗೊತ್ತಾಗಲೇಬೇಕು. ಫೋನಿನಲ್ಲಿ ನನ್ನಿಂದ ಆಗದು. ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಊಟ ಆಯಿತೇನು ಎಂದು ಕೇಳಿ ಮುಗಿಸಿದೆ. ನೀನೇ ಹೇಳಬೇಕು.

ಒಮ್ಮೆ ಕೇಳಿ ಪಡೆದುಕೊಂಡ ಕೂಸನ್ನು ಎರಡನೆಯ ಸಲ ಕೇಳುತ್ತಿದ್ದೇನೆ. ನನಗೆ ನಾಚಿಕೆಯಾಗುತ್ತದೆ ಆಪಾ. ಆದರೂ ಕೇಳುತ್ತಿದ್ದೇನೆ.

ಸುರೈಯಾ


ತಿಕೋಟಾ
೨೬ ಮಾರ್ಚ್ ೨೦೨೪

ಸುರೈಯಾ,

ರಂಜಾನಿನ ಹದಿನೈದು ರೋಜಾ ಮುಗಿದವು. ಹೇಳುತ್ತೇನೆ, ಹೇಳುತ್ತೇನೆ ಎಂದು ಒಂದೂವರೆ ತಿಂಗಳು ನೂಕಿದೆ. ನಿನ್ನೆ ಹೇಳಿದೆ.

ಮಧ್ಯಾಹ್ನ ಅವಳು ಒಣದ್ರಾಕ್ಷಿ ಆರಿಸುತ್ತ ಕೂತಿದ್ದಳು. ನಿಮ್ಮ ಭಾವ ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ತಂದ ಮಾಲು, ಮೊರದ ತುಂಬ. ನಾನು ಎದುರು ಕೂತು, ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಶುರು ಮಾಡಲು ಆಗುವುದಿಲ್ಲ ಎಂದು ಗೊತ್ತಿತ್ತು. ಅವಳು ಕಡ್ಡಿ ಆರಿಸುವುದನ್ನು ಬಿಡಲಿಲ್ಲ. ಎಲ್ಲ ಮುಗಿದ ಮೇಲೆ, "ಗೊತ್ತೈತಿ ಖಾಲಾ" ಅಂದಳು.

ನಾಲ್ಕನೇ ಇಯತ್ತೆಯಲ್ಲಿದ್ದಾಗಲೇ ಗೊತ್ತಂತೆ. ಘೋಣಸಗಿಯ ಮದುವೆಯಲ್ಲಿ ನನ್ನ ನಾದಿನಿ ಮಕ್ತುಮಬಿ ಇನ್ನೊಬ್ಬಳಿಗೆ "ನಮ್ಮ ಮುಮತಾಜನ ಮಗಳು, ಸುರೈಯಾಗ ಕೊಟ್ಟಾಳ, ನೋಡು ಎಷ್ಟ ದೊಡ್ಡಾಕಿ ಆಗ್ಯಾಳ" ಎಂದದ್ದನ್ನು ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ ಸುರೈಯಾ. ನಾವು ಅವಳಿಂದ ಮುಚ್ಚಿಡುತ್ತಿದ್ದೆವು, ಅವಳು ನಮ್ಮಿಂದ ಮುಚ್ಚಿಡುತ್ತಿದ್ದಳು.

"ಸಿಟ್ಟು ಬಂದಿಲ್ಲೇನ ನಿನಗ?" ಎಂದೆ.

"ಯಾರ ಮ್ಯಾಲ ಸಿಟ್ಟಾಗ್ಲಿ? ನೀ ಕೊಟ್ಟಿ, ಅಮ್ಮಿ ತಗೊಂಡ್ಳು. ಇಬ್ಬರೂ ಪ್ರೀತಿಯಿಂದನ ಮಾಡೀರಿ" ಅಂದಳು. ಇನ್ನೊಂದು ಹಿಡಿ ದ್ರಾಕ್ಷಿ ಮೊರದಲ್ಲಿ ಹರವಿ, "ಆದರ ನನ್ನ ಯಾರೂ ಕೇಳಲಿಲ್ಲ" ಎಂದಳು. ಮೂರು ದಿನದ ಕೂಸನ್ನು ಏನು ಕೇಳುತ್ತಾರೆ ಎಂದು ನಗಿಸಲು ನೋಡಿದೆ. ನಗಲಿಲ್ಲ.

ನಾಳೆ ಹಣಮಂತರಾಯರ ಹತ್ತಿರ ಹೋಗಿ ಕಾಗದಕ್ಕೆ ಸಹಿ ಹಾಕುತ್ತೇವೆ. ನಿಮ್ಮ ಭಾವ ಸಹಿಗೆಂದು ಪೆನ್ನು ಈಗಲೇ ಕಿಸೆಗೆ ಹಾಕಿಕೊಂಡಿದ್ದಾರೆ.

ದುವಾದಲ್ಲಿ ನೆನೆಯುತ್ತಿರು.

ಮುಮತಾಜ


ತಿಕೋಟಾ
೧೮ ಅಕ್ಟೋಬರ್ ೨೦೨೪

ಸುರೈಯಾ,

ಹೊಸ ಜನನ ಪತ್ರ ಬಂತು. ಅದನ್ನು ಫೋಟೊ ತೆಗೆದು ಕಳಿಸಿದಾಗ ನೀನು ಬರೀ "ಒಳ್ಳೇದು" ಎಂದು ಬರೆದೆ. ನಿನಗೆ ಹೇಗಾಗಿರಬಹುದು ಎಂದು ನನಗೆ ಗೊತ್ತು. ನನಗೆ ಹೇಗಾಯಿತು ಎಂದು ಹೇಳಲೇ? ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅದನ್ನು ಐದಾರು ಸಲ ಓದಿದೆ. ತಾಯಿ: ಮುಮತಾಜ. ಓದುವಷ್ಟು ಹೊತ್ತು ಖುಷಿಯಾಯಿತು. ಸುಳ್ಳು ಹೇಳಿದರೆ ದೇವರು ಮೆಚ್ಚುವುದಿಲ್ಲ. ಆಮೇಲೆ ನಿನ್ನ ನೆನಪಾಗಿ ಮಡಚಿ ಚೀಲದಲ್ಲಿಟ್ಟೆ.

ಆದರೆ ದತ್ತಕದ ಕೆಲಸ ಮುಂದೆ ಹೋಗುತ್ತಿಲ್ಲ. ಮೊದಲ ತಾರೀಕಿಗೆ ಸಾಹೇಬರು ರಜೆ. ಎರಡನೆಯದಕ್ಕೆ ಅವರ ವರ್ಗಾವಣೆ. ಮೂರನೆಯದಕ್ಕೆ ಹೊಸ ಸಾಹೇಬರು ಬಂದರು, ಕಡತ ಮೇಲಿನ ಕಚೇರಿಗೆ ಹೋಗಿತ್ತು. ನಾಲ್ಕನೆಯದಕ್ಕೆ ಕಡತ ಬಂತು, ಜರ್ಮನಿಯಿಂದ ನಿನ್ನ ಮನೆಯ ಬಗ್ಗೆ ಬರಬೇಕಾದ ವರದಿ ಬಂದಿರಲಿಲ್ಲ. ಪ್ರತಿ ಸಲ ನಾನು, ನಿಮ್ಮ ಭಾವ, ಕೈನಾತ, ಮೂವರೂ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗುತ್ತೇವೆ. ಕಾರಕೂನರು ದೂರದಿಂದಲೇ ಕೈ ಆಡಿಸುತ್ತಾರೆ. ಈಗ ನಮ್ಮ ಗುರುತು ಎಷ್ಟಾಗಿದೆಯೆಂದರೆ, ಜವಾನ ಕರೆಪ್ಪ ಚಹಾ ಕುಡಿಯುವಾಗ ನಮಗೂ ತರಿಸುತ್ತಾನೆ. "ಯವ್ವಾ, ಇನ್ನೊಂದೀಟ ದಿನ ತಡೀರಿ, ಆಕ್ಕೈತಿ" ಎನ್ನುತ್ತಾನೆ. ಅವನಾದರೂ ಏನು ಮಾಡಿಯಾನು.

ಬರುವಾಗ ಬಸ್ಸಿನಲ್ಲಿ ಕೈನಾತ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ತಾರೀಕು ಮುಂದೆ ಹೋದ ದಿನ ಅವಳಿಗೆ ಬೇಸರವಾದಂತೆ ಕಾಣುವುದಿಲ್ಲ. ಕೇಳಿದರೆ, "ರೂಢಿ ಆಗೇತಿ" ಎನ್ನುತ್ತಾಳೆ. ಅಡುಗೆಮನೆಯ ಚೀಟಿಗಳು ಒಂದೊಂದಾಗಿ ಉದುರಿದವು. ಮತ್ತೆ ಅಂಟಿಸಲಿಲ್ಲ.

ಇದನ್ನು ನಿನಗೆ ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಬರೆದಿದ್ದೇನೆ.

ಆಪಾ


ಜರ್ಮನಿ
೮ ಡಿಸೆಂಬರ್ ೨೦೨೪

ಆಪಾ,

ನಾನು ಕಳಿಸಬೇಕಾದ ವರದಿ ಎರಡು ತಿಂಗಳ ಹಿಂದೆಯೇ ಹೋಗಿದೆ. ಎಲ್ಲಿ ಕೂತಿದೆಯೋ ಗೊತ್ತಿಲ್ಲ. ವೀಸಾ ಕಚೇರಿಗೆ ವಾರಕ್ಕೊಂದು ಪತ್ರ ಬರೆಯುತ್ತೇನೆ. ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ, ದಯವಿಟ್ಟು ಮತ್ತೆ ಮತ್ತೆ ವಿಚಾರಿಸಬೇಡಿ, ವಿಚಾರಿಸಿದರೆ ತಡವಾಗುತ್ತದೆ ಎಂದು ಉತ್ತರ ಬರುತ್ತದೆ. ಅದನ್ನು ಬರೆಯುವುದು ಮನುಷ್ಯರಲ್ಲ, ಯಂತ್ರ. ಈಚೆಗೆ ಆ ಯಂತ್ರಕ್ಕೂ ಸಲಾಂ ಹೇಳುವ ಹಾಗಾಗಿದ್ದೇನೆ.

ಬಿಟ್ಟು ಬಂದುಬಿಡಲೇ ಎಂದು ಮೊನ್ನೆ ಕೈನಾತಳನ್ನು ಕೇಳಿದೆ. "ಬ್ಯಾಡ ಅಮ್ಮಿ, ಇಷ್ಟ ದಿನ ತಡದೀದಿ" ಎಂದಳು. ಬಾ ಎನ್ನಬಹುದು ಎಂದು ಕಾದಿದ್ದೆ. ಬಾ ಎಂದಿದ್ದರೆ ಎಲ್ಲ ಬಿಟ್ಟು ಬರುತ್ತಿದ್ದೆ.

ಕಳೆದ ವರ್ಷ ಮೂರು ವಾರ ರಜೆಗೆ ಬಂದಿದ್ದೆನಲ್ಲ, ನೆನಪಿದೆಯೇ? ಮೊದಲ ದಿನ ನನಗೆ ಚಹಾ ಕೊಡುವಾಗ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ನಾನೂ ಫಯಾಜನೂ ಇದ್ದ ಇಬ್ರಾಹಿಂಪುರದ ಮನೆಯಲ್ಲಿ ಹತ್ತು ವರ್ಷದವಳಿದ್ದಾಗಿನಿಂದ ನನಗೆ ಚಹಾ ಮಾಡಿಕೊಟ್ಟವಳು. ನಿನಗೆ ಕೇಳದೆ ಹಾಕಿಕೊಟ್ಟಳು.

ಒಂದು ಕೆಟ್ಟ ಮಾತು ಬರೆಯುತ್ತೇನೆ. ಬರೆಯದಿದ್ದರೆ ಎದೆಯಲ್ಲಿ ಕೊಳೆಯುತ್ತದೆ. ತಾರೀಕು ಮುಂದೆ ಹೋದರೆ ನಿನಗೆ ಒಳಗೊಳಗೇ ಸಮಾಧಾನವಾಗುತ್ತದೆ, ಹೌದೋ ಅಲ್ಲವೋ? ನೀನು ಮನಸ್ಸು ಮಾಡಿ ಓಡಾಡಿದ್ದರೆ ಇಷ್ಟೊತ್ತಿಗೆ ಮುಗಿಯುತ್ತಿತ್ತು.

ಸುರೈಯಾ


ತಿಕೋಟಾ
೨ ಫೆಬ್ರವರಿ ೨೦೨೫

ಸುರೈಯಾ,

ಹೌದು. ಸಮಾಧಾನವಾಗುತ್ತದೆ. ಬಸ್ಸು ತೊರವಿ ದಾಟುವವರೆಗೆ ಸಮಾಧಾನ, ಅಲ್ಲಿಂದ ಮುಂದೆ ನಿನ್ನ ಮುಖ ಕಣ್ಣೆದುರು ಬಂದು ಸಂಕಟ. ಹೊತ್ತು ಹೆತ್ತವಳಿಗೆ ಅಷ್ಟೂ ಆಗಬಾರದೇ?

ಆದರೆ ಓಡಾಡಲಿಲ್ಲ ಎನ್ನಬೇಡ. ಹನ್ನೊಂದು ಸಲ ಹೋಗಿದ್ದೇನೆ. ಮೊಣಕಾಲು ನೋವಿದ್ದರೂ ಆ ಮೆಟ್ಟಿಲು ಹತ್ತಿದ್ದೇನೆ. ನನ್ನ ಮಗಳು ಎಂದು ಬರೆಸಿಕೊಂಡದ್ದು, ನನ್ನ ಮಗಳಲ್ಲ ಎಂದು ಬರೆಸುವುದಕ್ಕೆ. ಇಂಥ ಕೆಲಸಕ್ಕೆ ಯಾವ ಹೆಂಗಸು ಹನ್ನೊಂದು ಸಲ ಹೋದಾಳು ಹೇಳು.

ನಿನ್ನ ವರದಿ ಸಿಕ್ಕಿದೆ. ಕಡತ ಇನ್ನೊಮ್ಮೆ ಮೇಲೆ ಹೋಗಿ ಬರಬೇಕಂತೆ. ಅದು ಬಂದ ಮೇಲೆ ಕೊನೆಯ ತಾರೀಕು ಕೊಡುತ್ತಾರೆ. ಜುಲೈ ಎರಡರ ಮೊದಲೇ ಕೊಡಿರಿ ಎಂದು ಹಣಮಂತರಾಯರು ಅರ್ಜಿ ಬರೆದುಕೊಟ್ಟಿದ್ದಾರೆ.

ಮುಮತಾಜ


ತಿಕೋಟಾ
೨೪ ಜೂನ್ ೨೦೨೫

ಸುರೈಯಾ,

ಹದಿನೇಳನೇ ತಾರೀಕು ಬಸ್ಸು ಕೆಟ್ಟು ನಿಂತಿತು, ಅದಕ್ಕೇ ಹಾಜರಿ ತಪ್ಪಿತು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು.

ಬಸ್ಸು ಕೆಟ್ಟಿರಲಿಲ್ಲ. ಹತ್ತು ಗಂಟೆಗೆಲ್ಲ ವಿಜಯಪುರದ ನಿಲ್ದಾಣ ಮುಟ್ಟಿದ್ದೆವು. ನಿಮ್ಮ ಭಾವ ಬೆಳಿಗ್ಗೆಯೇ ಹೋಗಿ ಕಚೇರಿಯ ಮುಂದೆ ಕಾಯುತ್ತಿದ್ದರು. ಸಾಹೇಬರು ಇದ್ದರು, ಕಡತವೂ ಇತ್ತು. ನಾವಿಬ್ಬರು ಆಟೊ ಹತ್ತಿ ಹೋಗುವುದಷ್ಟೇ ಉಳಿದಿತ್ತು. ನನ್ನ ಕಾಲು ಏಳಲಿಲ್ಲ. ತಾರೀಕು ಮುಂದೆ ಹೋಗಿದೆಯಂತೆ ಎಂದು ಕೈನಾತಳಿಗೆ ಸುಳ್ಳು ಹೇಳಿ, ಎದುರಿಗೆ ನಿಂತಿದ್ದ ಬಬಲೇಶ್ವರದ ಬಸ್ಸು ಹತ್ತಿಸಿದೆ. ಮಕ್ತುಮಬಿಯ ಮನೆಗೆ ಹೋಗಿ, ಅಲ್ಲಿಯೇ ಊಟ ಮಾಡಿ, ಇಳಿಹೊತ್ತಿಗೆ ತಿರುಗಿ ಬಂದೆವು. ಮೂರು ಗಂಟೆಯವರೆಗೆ ನಮ್ಮ ಹೆಸರು ಕೂಗಿದರಂತೆ. ಮುಂದಿನ ತಾರೀಕು ಜುಲೈ ಎಂಟು. ಅಷ್ಟೊತ್ತಿಗೆ ಅವಳಿಗೆ ಹದಿನೆಂಟು ತುಂಬಿ ಆರು ದಿನವಾಗಿರುತ್ತದೆ. ಇನ್ನು ಆ ಕಡತಕ್ಕೆ ಅರ್ಥವಿಲ್ಲ ಎಂದು ಹಣಮಂತರಾಯರು ಕೈಚೆಲ್ಲಿದರು.

ನನಗೆ ಅವಳು ಬೇಕಾಗಿತ್ತು. ಅಷ್ಟೇ. ಒಮ್ಮೆ ಕೊಟ್ಟೆ, ಎರಡನೆಯ ಸಲ ಕೈ ಬರಲಿಲ್ಲ. ಕೈನಾತಳಿಗೆ ಇದೊಂದೂ ಗೊತ್ತಿಲ್ಲ, ಅವಳದೇನೂ ತಪ್ಪಿಲ್ಲ. ಅವಳ ಜತೆ ಮೊದಲಿನಂತೆಯೇ ಮಾತಾಡು. ಬೈಯುವುದಿದ್ದರೆ ನನ್ನನ್ನು ಬೈ. ಸತ್ತಳು ಅಂದುಕೊಂಡರೂ ಸರಿ.

ನಿನಗೆ ಅನ್ಯಾಯ ಮಾಡಿದ
ಮುಮತಾಜ


ತಿಕೋಟಾ
೩ ಜುಲೈ ೨೦೨೫

ಅಮ್ಮಿ,

ನಾನು ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಖಾಲಾ ಕಳೆದ ವಾರ ನಿನಗೆ ಬರೆದ ಕಾಗದವನ್ನು ಹೊಲಿಗೆ ಮಶೀನಿನ ಖಾನೆಯಲ್ಲಿ ಇಟ್ಟಿದ್ದಳು. ಅವಳು ಅಂಚೆಗೆ ಹಾಕುವ ಮುಂಚೆ ನಾನು ಓದಿದೆ. ಅದರಲ್ಲಿ ಬರೆದದ್ದು ಸುಳ್ಳು. ಅವತ್ತು ಬೇಡ ಎಂದವಳು ನಾನು.

ಖಾಲಾ ಆಟೊ ಕರೆದು ಅದರಲ್ಲಿ ಕೂತೂ ಆಗಿತ್ತು. ನಾನು ನಿಂತಲ್ಲಿಂದ ಕದಲಲಿಲ್ಲ. ಬಬಲೇಶ್ವರದ ಬಸ್ಸು ಹೊರಡುವುದರಲ್ಲಿತ್ತು.

"ಖಾಲಾ, ನಾ ಒಪ್ಪಿಗಿ ಹೇಳಂಗಿಲ್ಲ. ಬಾ, ಈ ಬಸ್ಸಿನ್ಯಾಗ ಕೂಡೂಣು" ಎಂದೆ.

"ತಲಿ ಕೆಟ್ಟೈತೇನ ನಿಂದು? ಅಲ್ಲಿ ನಿಮ್ಮ ಅಮ್ಮಿ ನಾಕ ವರ್ಷದಿಂದ ಕಾಯಾಕತ್ತಾಳ" ಎನ್ನುತ್ತ ಇಳಿದು ಬಂದು ನನ್ನ ರಟ್ಟೆ ಹಿಡಿದು ಎಳೆದಳು. ಎರಡು ಸಲ ಎಳೆದಳು. ಆಟೊದವನು ಬೈದು ಹೋದ. ಜನ ನೋಡುತ್ತಿದ್ದರು. ನಾನು ಬಸ್ಸು ಹತ್ತಿದೆ, ಅವಳು ಅಳುತ್ತ ಹಿಂದಿನಿಂದ ಹತ್ತಿದಳು. ಎಲ್ಲಿಗೆ ಎಂದು ಕಂಡಕ್ಟರ್ ಎರಡು ಸಲ ಕೇಳಿದ. ಕೊನೆಗೆ ಅವನೇ ಹೆಂಗಸರಿಗೆ ಬಿಟ್ಟಿ ಕೊಡುವ ಎರಡು ಸೊನ್ನೆ ಟಿಕೆಟ್ ಹರಿದು ಕೊಟ್ಟ. ದಾರಿಯುದ್ದಕ್ಕೂ ಅವಳು, "ಆಕಿ ನಿನ್ನ ಮ್ಯಾಲ ಸಿಟ್ಟಾಗಬಾರದು, ನನ್ನ ಮ್ಯಾಲ ಹಾಕ್ತೀನಿ, ನೀ ಏನೂ ಹೇಳಬ್ಯಾಡ" ಎನ್ನುತ್ತಿದ್ದಳು.

ಅಮ್ಮಿ, ನಿನಗಾಗಿ ಕಾಯಲಿಲ್ಲ ಎಂದು ತಿಳಿಯಬೇಡ. ಮೊದಲ ವರ್ಷ ಚೀಲ ಕಟ್ಟಿಯೇ ಇಟ್ಟಿದ್ದೆ. ನಾಳೆ ಕರೆದರೆ ನಾಳೆಯೇ ಹೊರಡಬೇಕು ಎಂದು ಗೆಳತಿಯರ ಹತ್ತಿರ ಮುಂಚೆಯೇ ವಿದಾಯ ಹೇಳಿಸಿಕೊಂಡಿದ್ದೆ. ಆಮೇಲೆ ದಿನಾ ಅವರೇ ಸಿಗುತ್ತಿದ್ದರು, ನಾಚಿಕೆಯಾಗುತ್ತಿತ್ತು. ಚೀಲದ ಬಟ್ಟೆಗಳು ಸಣ್ಣವಾದವು. ಎರಡನೆಯ ವರ್ಷ ನೀನು ಕರೆದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು, ಸುದ್ದಿ ಬಂತೇನೋ ಎಂದು. ಮೂರನೆಯ ವರ್ಷ ಸುದ್ದಿ ಬಾರದಿರಲಿ ಎಂದು ಹೊಡೆದುಕೊಳ್ಳತೊಡಗಿತು. ಅದು ಯಾವ ದಿನ ಬದಲಾಯಿತು ಎಂದು ನನಗೇ ಗೊತ್ತಿಲ್ಲ. ನೀನು ದಿನಾ ಸಂಜೆ "ಇನ್ನ ಸ್ವಲ್ಪ ದಿನ ಬೇಟಾ" ಎನ್ನುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ. ಬೇಡ ಎನ್ನಲು ಬಾಯಿ ಬರಲಿಲ್ಲ. ನೀನು ನನಗಾಗಿಯೇ ಅಲ್ಲಿ ಒಬ್ಬಳೇ ಇರುವುದು ನನಗೆ ಗೊತ್ತಿತ್ತು.

ನೀನು ನನ್ನ ಅಮ್ಮಿಯೇ. ಜ್ವರ ಬಂದಾಗ ಈಗಲೂ ನಿನ್ನನ್ನೇ ಕರೆಯುತ್ತೇನಂತೆ, ಖಾಲಾ ಹೇಳಿದಳು. ಆದರೆ ನನ್ನ ಮನೆ ಇಲ್ಲಿ ಆಗಿಬಿಟ್ಟಿದೆ. ನೀನು ಏನೂ ತಪ್ಪು ಮಾಡಲಿಲ್ಲ. ತಡವಾಯಿತು, ಅಷ್ಟೇ.

ಎಂದಾದರೂ ನಿನ್ನನ್ನು ನೋಡಲು ಬರುತ್ತೇನೆ. ಪ್ರವಾಸದ ವೀಸಾ ಹದಿನೈದು ದಿನದಲ್ಲಿ ಸಿಗುತ್ತದಂತೆ.

ನಾನು ಬರೆದದ್ದು ಖಾಲಾಗೆ ಗೊತ್ತಾಗುವುದು ಬೇಡ. ಅವಳು ತಡೆದುಕೊಳ್ಳುವುದಿಲ್ಲ.

ನಿನ್ನೆ ಹದಿನೆಂಟು ತುಂಬಿದ
ಕೈನಾತ


ಜರ್ಮನಿ
೧೦ ಆಗಸ್ಟ್ ೨೦೨೫

ಆಪಾ,

ನಿನ್ನ ಪತ್ರ ಮುಟ್ಟಿತು. ಈ ಸಲ ತಿಕೋಟಾದಿಂದ ನನಗೆ ಬಂದದ್ದು ಅದೊಂದೇ ಪತ್ರ.

ನೀನು ಮಾಡಿದ್ದು ದೊಡ್ಡ ತಪ್ಪು. ನಾಲ್ಕು ವರ್ಷ ನಾನು ಹಗಲು ರಾತ್ರಿ ಎನ್ನದೆ ಬೇರೆಯವರ ತಾಯಂದಿರ ಮೈ ಒರೆಸಿ, ನನ್ನ ಮಗಳು ಬರುತ್ತಾಳೆ ಎಂದು ಕಾದೆ. ಕೊನೆಗೆ ಆಟೊ ಹತ್ತುವಷ್ಟು ದೂರ ಉಳಿದಿತ್ತು. ಎಷ್ಟು ಅತ್ತೆ ಎಂದು ಬರೆಯುವುದಿಲ್ಲ. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ನಿನ್ನನ್ನು ಬೈಯಬೇಕು ಎಂದು ಕೂತರೆ ಬೈಗುಳ ಬರಲಿಲ್ಲ. ಆದರೂ ಬೈದೆ ಎಂದೇ ತಿಳಿದುಕೊ. ಕ್ಷಮಿಸಿಲ್ಲ ಎಂದೂ ತಿಳಿದುಕೊ.

ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಎರಡೇ ದಿನಕ್ಕೆ ಉತ್ತರ ಬಂತು. ಮೂರೂವರೆ ವರ್ಷದಲ್ಲಿ ಅವರು ನನಗೆ ಬೇಗ ಕೊಟ್ಟ ಉತ್ತರ ಅದೊಂದೇ. ಕೊನೆಗೆ ಒಬ್ಬ ಹೆಣ್ಣುಮಗಳ ಹೆಸರೂ ಸಹಿಯೂ ಇದ್ದವು. ಇಷ್ಟು ದಿನ ಆಕೆ ಅಲ್ಲಿಯೇ ಇದ್ದಳು.

ಮಗಳು ಬರುತ್ತಾಳೆ ಎಂದರೆ ಮನೆಯಲ್ಲಿ ಅವಳಿಗೆ ಬೇರೆ ಕೋಣೆ ಇರಬೇಕು ಎಂದು ಇಲ್ಲಿಯ ನಿಯಮ. ಹಾಗೆ ಒಂದು ಕೋಣೆ ಇಟ್ಟುಕೊಂಡಿದ್ದೆ. ಈ ತಿಂಗಳ ಕೊನೆಗೆ ಬಿಟ್ಟುಕೊಡುತ್ತಿದ್ದೇನೆ. ಮಗಳು ಯಾವಾಗ ಬರುತ್ತಾಳೆ ಎಂದು ಮನೆಯೊಡತಿ ಕೇಳಿದಳು. ಅವಳ ತಾಯಿಯ ಹತ್ತಿರ ಇದ್ದಾಳೆ ಎಂದೆ. ಹಾಗೆಯೇ ಹೇಳಿದೆ ಆಪಾ.

ಅವಳ ಕಾಲೇಜಿನ ಅರ್ಜಿಯಲ್ಲಿ ಇನ್ನು ಮೇಲೆ ನಿನ್ನ ಹೆಸರೇ ಬರೆಸು. ಹಳೆಯ ಕಾಗದಗಳನ್ನೂ ತಿದ್ದಿಸು. ಎರಡು ಕಡೆ ಎರಡು ಹೆಸರಿದ್ದರೆ ಮುಂದೆ ಅವಳಿಗೆ ತೊಂದರೆಯಾಗುತ್ತದೆ.

ಅವತ್ತಿನ ವಿಷಯ ಅವಳ ಹತ್ತಿರ ಎಂದೂ ಎತ್ತಬೇಡ. ಅವಳು ಏನಾದರೂ ಹೇಳಹೊರಟರೂ ಹೇಳಗೊಡಬೇಡ. ಆಟೊ ಹತ್ತದವಳು ನೀನು. ನೀನು ಹಾಗೆ ಬರೆದಿದ್ದೀ, ನಾನು ಹಾಗೆಯೇ ನಂಬಿದ್ದೇನೆ. ನಾವಿಬ್ಬರೂ ಸಾಯುವತನಕ ಅದು ಹಾಗೆಯೇ ಇರಲಿ. ಅವಳ ತಲೆಯ ಮೇಲೆ ಅದರ ಭಾರ ಬೇಡ.

ಸಂಜೆ ಫೋನ್ ಮಾಡುತ್ತೇನೆ. ಅವಳಿಗೆ ಕೊಡು.

ನಿನ್ನ ತಂಗಿ, ಕೈನಾತಳ ಖಾಲಾ
ಸುರೈಯಾ